ಮತ್ತೆ ನೋಡಿ ಎಂದವರು ಯಾರು?

ಪಿಯು ಫಲಿತಾಂಶ ಬಂದ ವಾರ ಗಿರಿನಗರದ ಮನೆಗಳಲ್ಲೂ ಅದೇ ಚರ್ಚೆ: ‘ರೀವ್ಯಾಲ್ಯುಯೇಷನ್‌ಗೆ ಹಾಕೋದಾ, ಬೇಡ್ವಾ?’ ಹಾಕುವವರು ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬೇಕು. ಇದು ಒಳ್ಳೆಯ ಕ್ರಮ. ಎಲ್ಲಿ ಅಂಕ ತಪ್ಪಿತೆಂದು ತೋರಿಸಲಾಗದಿದ್ದರೆ ಕೇಳುವುದಾದರೂ ಏನನ್ನು? ಪ್ರತಿ ಕೈಗೆ ಬಂದ ಮೇಲೆ ಸುಮ್ಮನಾಗುವವರೂ ಉಂಟು.

ಸುಪ್ರೀಂ ಕೋರ್ಟ್ ಇನ್ನೂ ಬಿಗಿ. ಸಂವಿಧಾನದ 137ನೇ ವಿಧಿಯಂತೆ ಅದು ತನ್ನದೇ ತೀರ್ಪನ್ನು ಮರುಪರಿಶೀಲಿಸಬಹುದು. ಆದರೆ ಅರ್ಜಿ 30 ದಿನದೊಳಗೆ ಬರಬೇಕು. ಹೊಸ ಸಾಕ್ಷ್ಯವೋ, ದಾಖಲೆಯಲ್ಲೇ ಎದ್ದು ಕಾಣುವ ತಪ್ಪೋ ಇರಬೇಕು. ಸಾಧ್ಯವಾದ ಮಟ್ಟಿಗೆ ಮೊದಲಿನ ನ್ಯಾಯಮೂರ್ತಿಗಳೇ, ಸಾಮಾನ್ಯವಾಗಿ ವಕೀಲರ ವಾದವಿಲ್ಲದೆ, ಕೊಠಡಿಯಲ್ಲಿ ಕೂತು ನೋಡುತ್ತಾರೆ. ತೀರ್ಪು ಕೊಟ್ಟ ಕಣ್ಣಿಗೆ ತನ್ನ ತಪ್ಪು ಕಂಡೀತೆ ಎಂಬ ಅನುಮಾನ ಸಹಜ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಮತ್ತೆ ನೋಡಿ ಎಂದವರು ಯಾರು, ಏನನ್ನು ಮುಂದಿಟ್ಟು ಹಾಗೆಂದರು ಎಂಬುದು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಮಠದ ಜಮೀನಿನ ವ್ಯಾಜ್ಯ ಸಂವಿಧಾನದ ವ್ಯಾಜ್ಯವಾಗಿ ಬೆಳೆಯಿತು. ಸಂಸತ್ತು ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವಂತಿಲ್ಲ ಎಂದು 1967ರ ಗೋಲಕನಾಥ ಪ್ರಕರಣದಲ್ಲಿ 11 ಮಂದಿಯ ಪೀಠ ಹೇಳಿತ್ತು. ಅದನ್ನು ಮೀರಲೆಂದೇ 1971ರಲ್ಲಿ ಸಂಸತ್ತು 24ನೇ ತಿದ್ದುಪಡಿ ತಂದಿತ್ತು. ಹಳೆಯ ತೀರ್ಪನ್ನು ಮತ್ತೆ ನೋಡಲು ಕಾರಣವೂ ಇತ್ತು, ಕೇಳುವ ಕಕ್ಷಿಗಳೂ ಇದ್ದರು. 13 ಮಂದಿಯ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು ಗೋಲಕನಾಥ ತೀರ್ಪು ಬಿದ್ದುಹೋಯಿತು. ಆದರೆ ಸಂವಿಧಾನದ ಮೂಲಸ್ವರೂಪವನ್ನು ಯಾವ ತಿದ್ದುಪಡಿಯೂ ಕೆಡಿಸುವಂತಿಲ್ಲ ಎಂಬ ತತ್ತ್ವ 7–6ರ ಬಹುಮತದಲ್ಲಿ ನಿಂತಿತು.

1975ರ ನವೆಂಬರ್, ತುರ್ತು ಪರಿಸ್ಥಿತಿಯ ಕಾಲ. ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಈ ತೀರ್ಪನ್ನೇ ಮತ್ತೆ ನೋಡಲು 13 ಮಂದಿಯ ಪೀಠ ಕೂರಿಸಿದರು. 1973ರಲ್ಲಿ ಅಲ್ಪಮತದಲ್ಲಿದ್ದ ಆರು ಮಂದಿಯಲ್ಲಿ ಅವರೂ ಒಬ್ಬರು. ವಕೀಲ ನಾನಿ ಪಾಲ್ಖೀವಾಲಾ ಇದನ್ನು ವಿರೋಧಿಸಿ ವಾದಿಸಿದರು. ಮರುಪರಿಶೀಲನೆ ಕೋರಿದ ಅರ್ಜಿ ಎಲ್ಲಿದೆ ಎಂಬುದಕ್ಕೆ ಸರಿಯಾದ ಉತ್ತರವೇ ಇರಲಿಲ್ಲ. ಎರಡು ದಿನ ವಿಚಾರಣೆ ನಡೆಸಿ ರೇ ಪೀಠವನ್ನು ವಿಸರ್ಜಿಸಿದರು.

ತಪ್ಪಿದ್ದರೆ ತಿದ್ದಲು ಅರ್ಜಿಗೆ ಕಾಯಬೇಕೆ ಎಂದು ಕೇಳಬಹುದು. ಬೇಕಿಲ್ಲ, ಕೋರ್ಟು ಸ್ವಯಂಪ್ರೇರಣೆಯಿಂದಲೂ ಪ್ರಕರಣ ಎತ್ತಿಕೊಳ್ಳುತ್ತದೆ. ಆಗಲೂ ಕಾರಣವನ್ನು ಮೊದಲೇ ಬಹಿರಂಗವಾಗಿ ಮುಂದಿಡಬೇಕಷ್ಟೆ. ಸೋತವರೇ ಮುಂದೆ ನಿಂತು, ಕಾರಣ ಹೇಳದೆ ಹಳೆಯ ಕಡತ ಬಿಚ್ಚಿದರೆ ಅದು ಅದೇ ಆಟವನ್ನು ಹೊಸದಾಗಿ ಆಡಿಸುವ ಕೆಲಸ. ಅರ್ಜಿಯ ಮೂಲೆಯಲ್ಲಿ ‘ಮರುಪರಿಶೀಲಿಸಲಾಗುವುದು’ ಎಂದು ಷರಾ ಬರೆಯುವ ನಮ್ಮ ಕಚೇರಿಗಳೂ, ಯಾವ ಆದೇಶದ ಯಾವ ಅಂಶವನ್ನು, ಯಾರ ಮನವಿಯ ಮೇಲೆ ಎಂಬುದನ್ನು ಜೊತೆಗೇ ನಮೂದಿಸಬೇಕು.