ಉಮೇದುವಾರರ ದುಡಿಮೆ

ಸಾಫ್ಟ್‌ವೇರ್ ಬರೆಯುವವರನ್ನು ನೇಮಿಸಿಕೊಳ್ಳುವ ಮುನ್ನ ಕೆಲವು ಕಾಲ ನಿಜವಾದ ಕೆಲಸವನ್ನೇ ಕೊಟ್ಟು ಪರೀಕ್ಷಿಸುವ ಪದ್ಧತಿಯು ಅಮೇರಿಕೆಯ ಕೆಲವು ಕಂಪನಿಗಳಲ್ಲಿ ನಡೆದುಬಂದಿದೆ. ಬೆಂಗಳೂರಿನ ಕಂಪನಿಗಳೂ ಇದನ್ನು ವಿಚಾರಮಾಡತಕ್ಕದ್ದು.

ತತ್ತ್ವವನ್ನು ನಾವು ಒಪ್ಪುತ್ತೇವೆ. ಒಂದು ಗಂಟೆಯ ಸಂದರ್ಶನದಲ್ಲಿ ಮಾತು ಬಲ್ಲವನು ಗೆಲ್ಲುವನು. ಕೆಲಸ ಬಲ್ಲವನು ಎಷ್ಟೋ ವೇಳೆ ತಡವರಿಸಿ ಹಿಂದಿರುಗುವನು. ಒಗಟುಗಳನ್ನೊಡ್ಡಿ ಯೋಗ್ಯತೆಯನ್ನಳೆಯುವುದು ಬರಿಯ ಕಾಲಹರಣವೆಂದು ಗೂಗಲ್ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಜ್ಲೊ ಬಾಕ್ ಅವರೇ 2013ರಲ್ಲಿ ಒಪ್ಪಿಕೊಂಡರು. ಆಟೊಮ್ಯಾಟಿಕ್ ಕಂಪನಿಯಾದರೋ ಉಮೇದುವಾರರಿಗೆ ಕೆಲವು ವಾರಗಳ ಕೆಲಸವನ್ನು ಕೊಟ್ಟು, ಹುದ್ದೆ ಯಾವುದೇ ಇರಲಿ, ಗಂಟೆಗೆ 25 ಡಾಲರಿನಂತೆ ಕೂಲಿಯನ್ನು ಸಲ್ಲಿಸುತ್ತಿದ್ದಿತೆಂದು ಅದರ ಮುಖ್ಯಸ್ಥರಾದ ಮ್ಯಾಟ್ ಮಲೆನ್‌ವೆಗ್ 2014ರಲ್ಲಿ ಬರೆದರು. ಇದ್ದ ಕೆಲಸವನ್ನು ಬಿಡದೆ ರಾತ್ರಿಯಲ್ಲಿಯೂ ವಾರದ ಕೊನೆಯಲ್ಲಿಯೂ ದುಡಿಯಲು ಅವರಿಗೆ ಅವಕಾಶವಿದ್ದಿತು.

ತೊಡಕಿರುವುದು ಇಲ್ಲಿಯೇ. ಬೆಂಗಳೂರಿನಲ್ಲಿ ಉದ್ಯೋಗಸ್ಥನ ರಾತ್ರಿಯು ಯಾರ ಸೊತ್ತು? ಬೇರೆಡೆ ದುಡಿಯಕೂಡದೆಂಬ ನಿಬಂಧನೆಗೆ ರುಜು ಹಾಕಿಯೇ ಅನೇಕರು ಕೆಲಸಕ್ಕೆ ಸೇರಿರುತ್ತಾರೆ. ಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದುದಾಗಿ ವಿಪ್ರೋ ಕಂಪನಿಯ ಅಧ್ಯಕ್ಷರು 2022ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷೆಗೆ ಹೋದವರಲ್ಲ, ನಿಜ. ಆದರೆ ಕರಾರುಪತ್ರದ ಕಣ್ಣಿಗೆ ಈ ಭೇದ ಕಾಣುವುದೇ? ರಾಜೀನಾಮೆಯಿತ್ತು ಪರೀಕ್ಷೆಗೆ ನಿಲ್ಲೋಣವೆಂದರೆ, ಆಯ್ಕೆಯಾಗದವನು ಎರಡು ಕಡೆಯೂ ಕೆಡುವನು. ಮನೆಯಲ್ಲಿ ಎಳೆಗೂಸಿರುವ ತಾಯಿಗಂತೂ ಈ ರಾತ್ರಿಯ ದುಡಿಮೆ ಸಾಧ್ಯವೇ ಇಲ್ಲ. ಆಕೆಯ ಯೋಗ್ಯತೆ ಪರೀಕ್ಷೆಗೆ ಬರುವ ಮೊದಲೇ ಹೊರಗುಳಿಯುವುದು.

ಇನ್ನು ಕೂಲಿಯ ಮಾತು. ಹಿಂದೆ ಕಚೇರಿಗಳಲ್ಲಿ ಉಮೇದುವಾರರೆನಿಸಿಕೊಂಡು, ಇಂದಲ್ಲ ನಾಳೆ ಜಾಗ ದೊರೆತೀತೆಂದು ತಿಂಗಳುಗಟ್ಟಲೆ ಸಂಬಳವಿಲ್ಲದೆ ನಕಲು ಬರೆದವರ ಸಂಗತಿಯನ್ನು ನಮ್ಮ ವಾಚಕರು ತಾತಂದಿರ ಬಾಯಲ್ಲಿ ಕೇಳಿರಬಹುದು. ಪರೀಕ್ಷೆಯೆಂಬ ಹೆಸರಿನಲ್ಲಿ ನಾಲ್ಕಾರು ದಿನಗಳ ಕೆಲಸವನ್ನು ಮನೆಗೆ ಹೊರಿಸಿ, ಬಿಡಿಕಾಸನ್ನೂ ಕೊಡದಿರುವುದು ಅದೇ ಬಿಟ್ಟಿಯಲ್ಲದೆ ಮತ್ತೇನು?

ಆದುದರಿಂದ ಪರೀಕ್ಷೆಯ ಅವಧಿ ಒಂದು ವಾರವನ್ನು ಮೀರಕೂಡದು. ಕೂಲಿಯು ಮೊದಲೇ ಗೊತ್ತಾಗಿರಬೇಕು. ಆಯ್ಕೆಯಾಗದವನಿಗೆ ಕಾರಣವನ್ನು ಬರೆದು ತಿಳಿಸಬೇಕು. ಈಗಿನ ಮಾಲಿಕರ ಸಮ್ಮತಿಯೂ ಅವಶ್ಯವೇ. ಬಿಟ್ಟುಹೋಗುವ ನೌಕರನನ್ನು ನೋಟೀಸಿನ ಹೆಸರಿನಲ್ಲಿ 90 ದಿವಸ ಹಿಡಿದಿಡುವ ಕಂಪನಿಗಳು, ಅವನಿಗೆ 7 ದಿವಸಗಳ ರಜೆಯನ್ನು ಕೊಡಲಾರವೇ?