ಗೃಹಸ್ಥರೊಡನೆ ಎರಡು ಮಾತು: ನಿವೃತ್ತರೂ ನೆರೆಯ ಆಸ್ಪತ್ರೆಯೂ

ಮನುಷ್ಯನು ಮೂವತ್ತು ಮೂವತ್ತೈದು ವರ್ಷ ದುಡಿದು ಕೆಲಸದಿಂದ ಬಿಡುಗಡೆ ಹೊಂದಿದ ಮೇಲೆ ಅವನಿಗೆ ಬೇಕಾದುದು ಬಹಳವಿಲ್ಲ. ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ನೆಮ್ಮದಿಯ ನಿದ್ರೆ, ಸಂಜೆಯ ಮಾತಿಗೆ ನಾಲ್ಕು ಮಂದಿ, ಮೈಗೆ ಆಲಸ್ಯವಾದಾಗ ನಂಬಿಕೆಯ ಒಬ್ಬ ವೈದ್ಯ. ಇಷ್ಟಿದ್ದರೆ ಅವನನ್ನು ಭಾಗ್ಯವಂತನೆಂದೇ ಎಣಿಸಬೇಕು. ಇವುಗಳಲ್ಲಿ ಮೊದಲಿನ ಮೂರು ಅವನ ಮನೆಗೂ ಮನಸ್ಸಿಗೂ ಸೇರಿದವು. ನಾಲ್ಕನೆಯದು ಮಾತ್ರ ಈಚೆಗೆ ಅವನ ಕೈಯಲ್ಲಿ ಉಳಿದಿಲ್ಲ. ಅದು ವಿಮೆಯ ಕಾಗದದ ಕೈಗೆ ಹೋಗಿದೆ. ಈ ತಿಂಗಳು ನಾವು ವಾಚಕರೊಡನೆ ಈ ವಿಷಯವನ್ನೇ ಕುರಿತು ಮಾತನಾಡಬಯಸುತ್ತೇವೆ.

ಸಂಗತಿ ಹೀಗಿದೆ. ನಿವೃತ್ತರಾದ ದಂಪತಿಗಳು ಮನೆ ಮಾಡುವಾಗಲೇ ಹತ್ತಿರದಲ್ಲಿ ಆಸ್ಪತ್ರೆಯಿದೆಯೇ ಎಂದು ವಿಚಾರಿಸುತ್ತಾರೆ. ಹತ್ತು ವರ್ಷ ಅದೇ ಆಸ್ಪತ್ರೆಗೆ ನಡೆದು ಹೋಗಿ ಬರುತ್ತಾರೆ. ಅಲ್ಲಿಯ ವೈದ್ಯರು ಯಜಮಾನರ ರಕ್ತದೊತ್ತಡವನ್ನೂ ಯಜಮಾನಿತಿಯ ಸಕ್ಕರೆ ಕಾಯಿಲೆಯನ್ನೂ ಪುಸ್ತಕ ನೋಡದೆ ಹೇಳಬಲ್ಲವರಾಗುತ್ತಾರೆ. ಹೀಗಿರಲು ಒಂದು ದಿನ ಆಸ್ಪತ್ರೆಯ ವಿಮಾ ಮೇಜಿನ ಗುಮಾಸ್ತನು, ‘ನಿಮ್ಮ ಕಂಪೆನಿಗೂ ನಮಗೂ ಈಗ ಒಪ್ಪಂದವಿಲ್ಲ, ಹಣ ಕಟ್ಟಿ ಸೇರಬಹುದು, ಇಲ್ಲವೇ ಪಟ್ಟಿಯಲ್ಲಿರುವ ಬೇರೆ ಆಸ್ಪತ್ರೆಗೆ ಹೋಗಬಹುದು’ ಎನ್ನುತ್ತಾನೆ. ಪಟ್ಟಿಯ ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿರುತ್ತದೆ. ತಾಲ್ಲೂಕು ಪಟ್ಟಣದಲ್ಲಿರುವವರಿಗಂತೂ ಅದು ಜಿಲ್ಲೆಯ ಮುಖ್ಯಪಟ್ಟಣದಲ್ಲಿರಬಹುದು. ಎಪ್ಪತ್ತೈದು ವರ್ಷದವರಿಗೆ ನೋವಿನ ನಡುವೆ ಇದು ಅಷ್ಟು ಸುಲಭದ ಪ್ರಯಾಣವಲ್ಲ.

ಹೀಗೇಕೆ ಆಗುತ್ತದೆಂಬುದನ್ನು ತಿಳಿಯಬೇಕಾದರೆ ವ್ಯವಸ್ಥೆಯ ಒಳಗನ್ನು ಸ್ವಲ್ಪ ನೋಡಬೇಕು. ನಮ್ಮ ದೇಶದಲ್ಲಿ ಮೆಡಿಕ್ಲೇಮ್ ಎಂಬ ಆರೋಗ್ಯವಿಮೆಯು 1986ರಲ್ಲಿ ಮೊದಲಾಯಿತು. ಆಗ ರೋಗಿಯು ತಾನೇ ಹಣ ಕೊಟ್ಟು ರಸೀತಿಗಳನ್ನು ಕಳುಹಿಸಿ ಮರಳಿ ಪಡೆಯುತ್ತಿದ್ದನು. ಅನಂತರ ವಿಮಾ ಕಂಪೆನಿಗಳಿಗೂ ಆಸ್ಪತ್ರೆಗಳಿಗೂ ನಡುವೆ ದರಗಳ ಒಪ್ಪಂದವಾಗಿ, ರೋಗಿಯು ಹಣ ಎಣಿಸದೆ ಚಿಕಿತ್ಸೆ ಪಡೆಯುವ ಪದ್ಧತಿ ಬಂದಿತು. ಜನರು ಇದನ್ನೇ ‘ಕ್ಯಾಶ್‌ಲೆಸ್’ ಎನ್ನುತ್ತಾರೆ. ಒಪ್ಪಂದವಿರುವ ಆಸ್ಪತ್ರೆಗಳು ‘ನೆಟ್‌ವರ್ಕ್’ ಆಸ್ಪತ್ರೆಗಳು. ದರ ಸಾಲದೆಂದು ಆಸ್ಪತ್ರೆಯೂ, ಬಿಲ್ಲು ಹೆಚ್ಚೆಂದು ಕಂಪೆನಿಯೂ ವಾದಿಸಿ ಒಪ್ಪಂದವು ಮುರಿದಾಗ, ಇಬ್ಬರ ಜಗಳದಲ್ಲಿ ಬಡವಾಗುವವನು ಮೂರನೆಯವನು. 2025ರ ಆಗಸ್ಟ್ ತಿಂಗಳಿನಲ್ಲಿ ಆಸ್ಪತ್ರೆಗಳ ಒಂದು ಸಂಘವು ಉತ್ತರ ಭಾರತದ ತನ್ನ ಸದಸ್ಯರಿಗೆ, ಒಂದು ದೊಡ್ಡ ಕಂಪೆನಿಯ ಪಾಲಿಸಿದಾರರಿಗೆ ಈ ಸೌಕರ್ಯವನ್ನು ನಿಲ್ಲಿಸುವಂತೆ ಸೂಚಿಸಿ, ಮಾತುಕತೆಯಾದ ಮೇಲೆ ಸೂಚನೆಯನ್ನು ಹಿಂತೆಗೆದುಕೊಂಡುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಆ ಕೆಲವು ದಿನಗಳಲ್ಲಿ ಎಷ್ಟು ಮನೆಗಳಲ್ಲಿ ನಿದ್ರೆ ಕೆಟ್ಟಿತೋ!

ಸರ್ಕಾರದ ಸೇವೆಯಲ್ಲಿದ್ದವರ ಸ್ಥಿತಿಯೂ ಇದಕ್ಕೆ ಬಹಳ ದೂರವಿಲ್ಲ. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯು 1954ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಬೆಂಗಳೂರಿಗೂ ಬಂದಿದೆ. ಆದರೆ ಅದರ ಚಿಕಿತ್ಸಾಲಯವಿಲ್ಲದ ಊರಿನಲ್ಲಿ ನೆಲೆಸಿದ ಪೆನ್ಷನುದಾರರಿಗೆ ಹೊರರೋಗಿಯ ಖರ್ಚಿಗೆಂದು ದೊರೆಯುವ ವೈದ್ಯಕೀಯ ಭತ್ಯೆಯು 2017ರ ಜುಲೈಯಲ್ಲಿ ತಿಂಗಳಿಗೆ 1000 ರೂಪಾಯಿ ಎಂದು ಗೊತ್ತಾಯಿತು. ಸಕ್ಕರೆ ಕಾಯಿಲೆಯ ಔಷಧಕ್ಕೂ ರಕ್ತಪರೀಕ್ಷೆಗೂ ಇದು ಎಷ್ಟು ದೂರ ಹೋಗುವುದೆಂಬುದನ್ನು ಗೃಹಿಣಿಯರೇ ಬಲ್ಲರು. ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗಳು ಹಳೆಯ ದರಗಳಿಂದ ಬೇಸತ್ತು ಪೆನ್ಷನುದಾರರನ್ನು ಹಿಂದಕ್ಕೆ ಕಳುಹಿಸುತ್ತಿವೆಯೆಂಬ ದೂರು ಬಹುಕಾಲದಿಂದ ಇದ್ದಿತು. 2025ರ ಅಕ್ಟೋಬರ್ 13ರಿಂದ ಸುಮಾರು 2000 ಚಿಕಿತ್ಸೆಗಳ ದರಗಳನ್ನು ಪರಿಷ್ಕರಿಸಲಾಯಿತು. ಎಪ್ಪತ್ತು ತುಂಬಿದವರು ಮೇಲಿನ ಶಿಫಾರಸಿಲ್ಲದೆ ನೇರವಾಗಿ ಆ ಆಸ್ಪತ್ರೆಗಳ ತಜ್ಞರನ್ನು ಕಾಣಬಹುದೆಂದು 2024ರಲ್ಲಿ ಅಪ್ಪಣೆಯಾಗಿದೆ.

ನಮ್ಮ ಕರಾವಳಿಯಲ್ಲಿ ಹುಟ್ಟಿ ದೇಶವೆಲ್ಲ ಹಬ್ಬಿದ ಬ್ಯಾಂಕುಗಳಲ್ಲಿ ದುಡಿದು ಊರಿಗೆ ಮರಳಿದವರು ಅನೇಕರಿದ್ದಾರೆ. ಬ್ಯಾಂಕಿನ ನಿವೃತ್ತರಿಗೆ 2015ರಲ್ಲಿ ಗುಂಪುವಿಮೆ ಏರ್ಪಟ್ಟಿತು. ಅದರ ಕಂತನ್ನು ಕಟ್ಟುವ ಭಾರ ನಿವೃತ್ತರ ಮೇಲೆಯೇ ಬಿದ್ದಿತು. ಪೆನ್ಷನು ಏರಿದುದಕ್ಕಿಂತ ಕಂತು ವೇಗವಾಗಿ ಏರಿದಾಗ ಕೆಲವರು ವಿಮೆಯ ಮೊತ್ತವನ್ನು ಇಳಿಸುವರು, ಕೆಲವರು ಬಿಟ್ಟೇಬಿಡುವರು. ಬಿಟ್ಟವರ ಪಾಡನ್ನು ಹೇಳಬೇಕಾಗಿಲ್ಲ. ಇಳಿಸಿದವರೂ ಒಂದು ಲೆಕ್ಕವನ್ನು ತಿಳಿದಿರಬೇಕು. ಅದನ್ನು ಇಲ್ಲಿ ವಿಸ್ತಾರವಾಗಿಯೇ ಹೇಳುತ್ತೇವೆ.

ಅನೇಕ ಪಾಲಿಸಿಗಳಲ್ಲಿ ಕೊಠಡಿಯ ಬಾಡಿಗೆಗೆ ಒಂದು ಮಿತಿಯುಂಟು. ದಿನಕ್ಕೆ ವಿಮೆಯ ಮೊತ್ತದ ನೂರಕ್ಕೆ ಒಂದು ಪಾಲು ಎಂದಿಟ್ಟುಕೊಳ್ಳೋಣ. ಮೊತ್ತ 3 ಲಕ್ಷವಾದರೆ ಬಾಡಿಗೆಯ ಮಿತಿ 3000 ರೂಪಾಯಿ. ರೋಗಿಯು 6000 ರೂಪಾಯಿಯ ಕೊಠಡಿಯಲ್ಲಿ ಐದು ದಿನ ಇದ್ದನೆನ್ನೋಣ. ಬಾಡಿಗೆ 30,000, ವೈದ್ಯರ ಮತ್ತು ಶಸ್ತ್ರಚಿಕಿತ್ಸೆಯ ಶುಲ್ಕ 80,000, ಔಷಧ ಮತ್ತು ಪರೀಕ್ಷೆಗಳು 40,000. ಒಟ್ಟು ಬಿಲ್ಲು 1,50,000. ಬಾಡಿಗೆಯ ಹೆಚ್ಚಳವಾದ 15,000 ಮಾತ್ರ ತನ್ನ ಪಾಲಿಗೆ ಬರುವುದೆಂದು ರೋಗಿಯು ತಿಳಿದಿರುತ್ತಾನೆ. ಆದರೆ ಬಾಡಿಗೆ ಮಿತಿಯ ಇಮ್ಮಡಿಯಾದುದರಿಂದ ವೈದ್ಯರ ಶುಲ್ಕವನ್ನೂ ಕಂಪೆನಿಯು ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಸಬಹುದು. ಔಷಧ ಮತ್ತು ಪರೀಕ್ಷೆಗಳಿಗೆ ಈ ಕಡಿತವಿಲ್ಲ. ಹೀಗೆ ಕಂಪೆನಿಯು ಕೊಡುವುದು 15,000, 40,000, 40,000, ಕೂಡಿ 95,000. ಉಳಿದ 55,000 ನಿವೃತ್ತನದು. ಅದರ ಮೇಲೆ ನೂರಕ್ಕೆ ಇಪ್ಪತ್ತನ್ನು ರೋಗಿಯೇ ಭರಿಸತಕ್ಕದ್ದೆಂಬ ಷರತ್ತಿದ್ದರೆ ಇನ್ನೂ 19,000 ಸೇರಿ ಅವನ ಪಾಲು 74,000 ಆಗುವುದು. ವಿಮೆಯಿದ್ದೂ ಅರ್ಧದಷ್ಟು ಹಣವನ್ನು ಕೈಯಿಂದ ಕೊಟ್ಟಂತಾಯಿತು. ಮಗನು ಪ್ರೀತಿಯಿಂದ, ‘ಅಪ್ಪನಿಗೆ ಒಳ್ಳೆಯ ಕೊಠಡಿಯೇ ಇರಲಿ’ ಎಂದುದರ ಬೆಲೆ ಇದು. ಆದುದರಿಂದ ಸೇರುವ ದಿನವೇ, ‘ನಮ್ಮ ಪಾಲಿಸಿಗೆ ಯಾವ ಕೊಠಡಿ ಸಲ್ಲುವುದು?’ ಎಂದು ಕೇಳತಕ್ಕದ್ದು. ಇದರಲ್ಲಿ ನಾಚಿಕೆಗೆ ಕಾರಣವಿಲ್ಲ.

ಇನ್ನು ನಿಯಮಗಳ ಕಡೆಯಿಂದ ಬಂದ ಅನುಕೂಲಗಳನ್ನು ನೋಡೋಣ. ಅರುವತ್ತೈದು ದಾಟಿದವರಿಗೆ ಹೊಸ ಪಾಲಿಸಿ ಕೊಡಬೇಕಾಗಿಲ್ಲವೆಂಬ ಹಿಂದಿನ ವಯೋಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಏಪ್ರಿಲ್ 1ರಿಂದ ತೆಗೆದುಹಾಕಿದೆ. ಮೊದಲೇ ಇದ್ದ ರೋಗಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯು 48 ತಿಂಗಳಿನಿಂದ 36 ತಿಂಗಳಿಗೆ ಇಳಿದಿದೆ. ಐದು ವರ್ಷ ಎಡೆಬಿಡದೆ ಕಂತು ಕಟ್ಟಿದವರ ಕೋರಿಕೆಯನ್ನು, ಮೋಸವು ಸಿದ್ಧವಾದ ಹೊರತು, ‘ರೋಗವನ್ನು ತಿಳಿಸಿರಲಿಲ್ಲ’ ಎಂಬ ಕಾರಣದಿಂದ ತಳ್ಳಿಹಾಕುವಂತಿಲ್ಲ. 2024ರ ಮೇ 29ರ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಕೋರಿಕೆಗೆ ಕಂಪೆನಿಯು ಒಂದು ಗಂಟೆಯೊಳಗೆ ಉತ್ತರ ಹೇಳಬೇಕು; ಮನೆಗೆ ಕಳುಹಿಸುವಾಗಿನ ಕೊನೆಯ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು. ತಡವಾದುದರಿಂದ ಆಸ್ಪತ್ರೆಯು ಹೆಚ್ಚಿಗೆ ವಿಧಿಸುವ ಹಣವು ಕಂಪೆನಿಯದೇ. ಹಿರಿಯರ ಕಂತನ್ನು ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಾಗಿ ಏರಿಸಬೇಕಾದರೆ ಪ್ರಾಧಿಕಾರದೊಡನೆ ಮುಂಚಿತವಾಗಿ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆಜ್ಞೆಯಾಯಿತು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಪಾಲಿಸಿಯ ಕಂತಿನ ಮೇಲಿದ್ದ ನೂರಕ್ಕೆ ಹದಿನೆಂಟರ ತೆರಿಗೆಯೂ ಹೋಯಿತು. ಗುಂಪಿನ ಪಾಲಿಸಿಗೆ ಈ ವಿನಾಯಿತಿ ಇಲ್ಲ.

ಪಟ್ಟಿಯಲ್ಲಿಲ್ಲದ ಆಸ್ಪತ್ರೆಯ ವಿಷಯಕ್ಕೂ ಒಂದು ದಾರಿಯುಂಟು. ಸಾಮಾನ್ಯ ವಿಮಾ ಮಂಡಲಿಯು 2024ರ ಜನವರಿ 25ರಂದು ‘ಎಲ್ಲೆಡೆ ಕ್ಯಾಶ್‌ಲೆಸ್’ ಎಂಬ ಏರ್ಪಾಡನ್ನು ಪ್ರಕಟಿಸಿತು. ಮೊದಲೇ ಗೊತ್ತಾದ ಚಿಕಿತ್ಸೆಗೆ 48 ಗಂಟೆ ಮುಂಚಿತವಾಗಿಯೂ, ತುರ್ತಿನಲ್ಲಿ ಸೇರಿದ 48 ಗಂಟೆಯೊಳಗಾಗಿಯೂ ಕಂಪೆನಿಗೆ ತಿಳಿಸಿದರೆ ಪಟ್ಟಿಯ ಹೊರಗಿನ ಆಸ್ಪತ್ರೆಯಲ್ಲಿಯೂ ಈ ಸೌಕರ್ಯವನ್ನು ಕೇಳಬಹುದು. ಆಸ್ಪತ್ರೆಯೂ ಇದಕ್ಕೆ ಒಪ್ಪಬೇಕಾದುದರಿಂದ ಎಲ್ಲ ಕಡೆಯೂ ಕೈಗೂಡೀತೆಂದು ಹೇಳಲಾಗದು. ಆದರೂ ಕೇಳದೆ ಬಿಡಬಾರದು.

ಎಪ್ಪತ್ತು ತುಂಬಿದ ಎಲ್ಲರಿಗೂ, ಆದಾಯವನ್ನು ನೋಡದೆ, ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ಆಯುಷ್ಮಾನ್ ಭಾರತ ಯೋಜನೆಯಡಿ 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರವು ವಿಸ್ತರಿಸಿತು. ಖಾಸಗಿ ವಿಮೆಯುಳ್ಳವರೂ ಇದಕ್ಕೆ ಅರ್ಹರು. ಕೇಂದ್ರದ ಆರೋಗ್ಯ ಯೋಜನೆಯಲ್ಲಿರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಇಲ್ಲಿಯೂ ಆಸ್ಪತ್ರೆಗಳ ಪಟ್ಟಿಯೇ ಮುಖ್ಯ. ನಡೆಯುವ ರೀತಿಯು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು ಆರೋಗ್ಯವಾಗಿರುವಾಗಲೇ ವಿಚಾರಿಸುವುದು ಮೇಲು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಹೊರಟರೆಂಬ ಗಾದೆಯು ವಿಮೆಯ ವಿಷಯದಲ್ಲಿ ಅಕ್ಷರಶಃ ನಿಜ. ಆದುದರಿಂದ ಪ್ರತಿ ಗೃಹಸ್ಥನೂ ಈ ಕೆಲವು ಕೆಲಸಗಳನ್ನು ಮಾಡಿಟ್ಟುಕೊಳ್ಳಲೆಂದು ನಮ್ಮ ವಿಜ್ಞಾಪನೆ. ಮೂರು ತಿಂಗಳಿಗೊಮ್ಮೆ ನೆರೆಯ ಆಸ್ಪತ್ರೆಯ ವಿಮಾ ಮೇಜಿಗೆ ಹೋಗಿ, ತನ್ನ ಕಂಪೆನಿಯ ಒಪ್ಪಂದವು ಇನ್ನೂ ಇದೆಯೇ ಎಂದು ಕೇಳಬೇಕು. ಕಳೆದ ವರ್ಷದ ಪಟ್ಟಿಯನ್ನು ನಂಬಿ ಕೂಡಬಾರದು. ಎರಡನೆಯ ಆಸ್ಪತ್ರೆಯೊಂದನ್ನೂ ಮನಸ್ಸಿನಲ್ಲಿಟ್ಟಿರಬೇಕು. ಪಾಲಿಸಿ, ಗುರುತಿನ ಚೀಟಿ, ಹಳೆಯ ವೈದ್ಯಪತ್ರಗಳು ಇವುಗಳನ್ನು ಒಂದೇ ಚೀಲದಲ್ಲಿಟ್ಟು ಆ ಚೀಲವಿರುವ ಜಾಗವನ್ನು ಮನೆಯವರಿಗೆಲ್ಲ ತೋರಿಸಿರಬೇಕು. ಎಷ್ಟೋ ಮನೆಗಳಲ್ಲಿ ಯಜಮಾನರು ಪ್ರಜ್ಞೆ ತಪ್ಪಿದ ಹೊತ್ತಿನಲ್ಲಿ ಆ ಚೀಲವೆಲ್ಲಿದೆಯೆಂದು ಯಜಮಾನಿತಿಗೆ ತಿಳಿಯದು. ಕೈಯಿಂದ ಹಣ ಕೊಡಬೇಕಾಗಿ ಬಂದರೆ ಪ್ರತಿಯೊಂದು ರಸೀತಿಯ ಮೂಲವನ್ನೂ ಕೇಳಿ ಪಡೆಯಬೇಕು. ಕೆಲಸವಿರುವಾಗ ಗುಂಪುವಿಮೆಯಲ್ಲಿದ್ದವರು ನಿವೃತ್ತಿಗೆ ಮೊದಲೇ ಅದೇ ಕಂಪೆನಿಯ ವ್ಯಕ್ತಿಗತ ಪಾಲಿಸಿಗೆ ದಾಟಿಕೊಂಡರೆ ಕಾದ ವರ್ಷಗಳ ಫಲವು ಉಳಿಯುವುದು. ಕಂಪೆನಿಯನ್ನೇ ಬದಲಾಯಿಸುವವರು ನವೀಕರಣಕ್ಕೆ ಒಂದೂವರೆ ತಿಂಗಳ ಮೊದಲೇ ಕೋರಿಕೆ ಸಲ್ಲಿಸಲಿ. ಹೊಸ ಕಂಪೆನಿಯು ಒಪ್ಪಿಗೆ ಕೊಡುವವರೆಗೆ ಹಳೆಯದನ್ನು ಬಿಡಬಾರದು.

ನ್ಯಾಯವಾದ ಕೋರಿಕೆಯನ್ನು ನಿರಾಕರಿಸಿದರೆ ಸುಮ್ಮನಾಗಬೇಕಾಗಿಲ್ಲ. ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ, ಮೊದಲು ಕಂಪೆನಿಯ ದೂರು ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರವು ಸಮಾಧಾನಕರವಾಗಿರದಿದ್ದರೆ, ಒಂದು ವರ್ಷದೊಳಗಾಗಿ ವಿಮಾ ಓಂಬುಡ್ಸ್‌ಮನ್ನರಿಗೆ ಅರ್ಜಿ ಕೊಡಬಹುದು. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಜೀವಮಾನವೆಲ್ಲ ಕಡತ ಬರೆದ ನಿವೃತ್ತರಿಗೆ ಒಂದು ಅರ್ಜಿ ಬರೆಯುವುದು ಕಷ್ಟವಾಗಲಾರದು.

ಕೊನೆಯಲ್ಲಿ ಒಂದು ಮಾತು. ಆಸ್ಪತ್ರೆಗೂ ಖರ್ಚಿದೆ, ಕಂಪೆನಿಗೂ ಲೆಕ್ಕವಿದೆ. ಇಬ್ಬರ ಕಷ್ಟವನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ವರ್ಷದ ಕಂತನ್ನು ಪಡೆಯುವಾಗ ತೋರಿಸಿದ ಪಟ್ಟಿಯಿಂದ ವರ್ಷದ ನಡುವೆ ಹೆಸರನ್ನು ಹೊಡೆದುಹಾಕುವುದು ವ್ಯಾಪಾರದ ಧರ್ಮವೂ ಅಲ್ಲ. ಒಪ್ಪಂದ ಮುರಿದರೂ ಆ ಪಾಲಿಸಿಯ ಅವಧಿ ಮುಗಿಯುವ ತನಕ ಹಿರಿಯರಿಗೆ ಹಳೆಯ ಸೌಕರ್ಯವನ್ನು ನಡೆಸಬೇಕೆಂದು ನಿಯಮವಾದರೆ ಅನೇಕರ ಸಂಕಟ ತಪ್ಪೀತು. ಅಲ್ಲಿಯವರೆಗೆ, ದೂರದ ಊರುಗಳಲ್ಲಿರುವ ಮಕ್ಕಳು ತಂದೆತಾಯಿಗಳನ್ನು ದೂರವಾಣಿಯಲ್ಲಿ ‘ಊಟವಾಯಿತೇ?’ ಎಂದು ಕೇಳುವಾಗ, ‘ಪಾಲಿಸಿಯ ಕಾಗದ ಓದೋಣವೇ?’ ಎಂದೂ ಒಮ್ಮೆ ಕೇಳಲಿ. ಆ ಸಣ್ಣ ಅಕ್ಷರಗಳನ್ನು ಓದಲು ಮುಪ್ಪಿನ ಕಣ್ಣಿಗೆ ಮಕ್ಕಳ ಸಹಾಯ ಬೇಕು.