ಲಕ್ಷ ಮುಟ್ಟದ ಊರುಗಳು

ದೊಡ್ಡ ನಗರಗಳನ್ನು ಬೆಳೆಸಿರಿ, ಅವುಗಳ ಸಮೃದ್ಧಿ ಸುತ್ತಲಿನ ಸಣ್ಣ ಊರುಗಳಿಗೆ ತಾನಾಗಿ ಹರಿದುಬರುತ್ತದೆ. ಇದು ನಮ್ಮ ಯೋಜನಾಪಂಡಿತರು ಬಹುಕಾಲದಿಂದ ಪಠಿಸುತ್ತ ಬಂದಿರುವ ಮಂತ್ರ. ಇದರಲ್ಲಿ ನಂಬಿಕೆಯುಳ್ಳವರು ಒಂದು ಸಂಜೆ ವಾಡಿ ಜಂಕ್ಷನ್ನಿಗೆ ಬಂದು ಕುಳಿತುಕೊಳ್ಳಲಿ. ಸಿಮೆಂಟು ಹೊತ್ತ ಗೂಡ್ಸು ಗಾಡಿಗಳು ಹೊರಗೆ ಹೋಗುತ್ತವೆ. ಜನರಲ್ ಬೋಗಿಗಳಲ್ಲಿ ಗಂಟುಮೂಟೆ ಕಟ್ಟಿಕೊಂಡ ಹುಡುಗರೂ ಹೊರಗೆ ಹೋಗುತ್ತಾರೆ. ಹರಿಯುವುದೇನೋ ನಿಜ. ಯಾವ ಕಡೆಗೆ ಎಂಬುದೇ ಪ್ರಶ್ನೆ.

ಈ ಭಾಗದ ಕಾಲೇಜೊಂದರಲ್ಲಿ ಕನ್ನಡ ಕಲಿಸುವವನು ನಾನು. ತೊಗರಿಯ ರಾಶಿ ಮುಗಿದ ಮೇಲೆ ಹಾಜರಿ ಕೂಗುವುದೆಂದರೆ ನನಗೆ ಸಂಕಟ. ಒಂದು ಹೆಸರಿಗೆ ಉತ್ತರ ಬರಲಿಲ್ಲವೆಂದರೆ ಪಕ್ಕದವನು ಎದ್ದು ನಿಂತು, “ಪುಣೇಕ ದುಡಿಲಾಕ ಹೋಗ್ಯಾನ್ರಿ ಸರ್” ಎನ್ನುತ್ತಾನೆ. ಪಾಠವಾದರೋ ರಾಷ್ಟ್ರಕೂಟರ ವೈಭವದ್ದು! ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ ಇದೇ ಸೇಡಂ ತಾಲೂಕಿನ ಮಳಖೇಡ. ರಾಜಧಾನಿಯಾಗಿದ್ದ ಊರಿನ ಮಕ್ಕಳು ಈಗ ಪರರಾಜ್ಯದ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಾರೆ. ಆ ಕಟ್ಟಡಕ್ಕೆ ಸಿಮೆಂಟೂ ಇಲ್ಲಿಂದಲೇ ಹೋಗಿದ್ದರೆ ಆಶ್ಚರ್ಯವಿಲ್ಲ.

ದೆಹಲಿಯ ಲೆಕ್ಕ ನೋಡಿ. 2005ರಲ್ಲಿ ನರ್ಮ್ ಯೋಜನೆ ಬಂತು. ಕರ್ನಾಟಕದಲ್ಲಿ ಅದರ ಮುಖ್ಯ ಪಟ್ಟಿಗೆ ಸೇರಿದವು ಬೆಂಗಳೂರು ಮತ್ತು ಮೈಸೂರು. 2015ರಲ್ಲಿ ಸ್ಮಾರ್ಟ್ ಸಿಟಿ ಬಂತು. ನಮ್ಮ ರಾಜ್ಯಕ್ಕೆ ಸಿಕ್ಕಿದ ಏಳು ನಗರಗಳಲ್ಲಿ ಕಲ್ಯಾಣ ಕರ್ನಾಟಕದ್ದು ಒಂದೂ ಇಲ್ಲ. ಅದೇ ವರ್ಷದ ಅಮೃತ್ ಯೋಜನೆ ಲಕ್ಷ ಜನಸಂಖ್ಯೆಯನ್ನು ಹೊಸ್ತಿಲು ಮಾಡಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಇವುಗಳಲ್ಲಿ ಒಂದೂ 2011ರ ಜನಗಣತಿಯಲ್ಲಿ ಲಕ್ಷ ಮುಟ್ಟಿರಲಿಲ್ಲ. ಲಕ್ಷವಿಲ್ಲದ ಮೇಲೆ ಲಕ್ಷ್ಯವೆಲ್ಲಿಯದು? 2021ರ ಎರಡನೆಯ ಹಂತದಲ್ಲಿ ನಲ್ಲಿನೀರಿನ ಮಟ್ಟಿಗೆ ಸಣ್ಣ ಪಟ್ಟಣಗಳಿಗೂ ಬಾಗಿಲು ತೆರೆಯಿತು, ಒಪ್ಪುತ್ತೇನೆ. 2016ರ ರೂರ್ಬನ್ ಯೋಜನೆಯಲ್ಲಿ ದೇಶದ ಮುನ್ನೂರು ಗ್ರಾಮಸಮೂಹಗಳನ್ನು ಗೊಂಚಲಾಗಿ ಬೆಳೆಸಲು ಹೊರಟದ್ದೂ ಉಂಟು. ಹಳ್ಳಿಗಳಿಗೆ ಸಲ್ಲುವ ಈ ಗೊಂಚಲಿನ ನ್ಯಾಯ ಸಣ್ಣ ಪಟ್ಟಣಗಳಿಗೆ ಏಕೆ ಸಲ್ಲದು?

ಈ ಐದೂ ಊರುಗಳು ಬೇರೆಬೇರೆಯಲ್ಲ. ಶಹಾಬಾದಿನಿಂದ ವಾಡಿ, ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ, ಎಲ್ಲವನ್ನೂ ರೈಲುಹಳಿ ಒಂದೇ ದಾರದಲ್ಲಿ ಪೋಣಿಸಿದೆ. ವಾಡಿಯಿಂದ ಸಿಕಂದರಾಬಾದಿನ ಈ ದಾರಿ ನಿಜಾಮರ ಕಾಲದ್ದು, 1874ರದು. ಸೇಡಮ್ಮಿನಿಂದ ಆಚೆಗೆ ಚಿಂಚೋಳಿಗೆ ಮಾತ್ರ ಬಸ್ಸೇ ಗತಿ. ಕೆಳಗೆ ಇರುವುದೂ ಒಂದೇ ಕಲ್ಲು. ಶಹಾಬಾದಿನ ಪರಸಿಯ ಮೇಲೆ ಈ ಪತ್ರಿಕೆಯ ಓದುಗರಲ್ಲಿ ಎಷ್ಟೋ ಮಂದಿ ಅಂಬೆಗಾಲಿಟ್ಟಿರಬಹುದು. ಅದೇ ಸುಣ್ಣದಕಲ್ಲನ್ನು ನಂಬಿ 1968ರಲ್ಲಿ ವಾಡಿಯಲ್ಲಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಎದ್ದವು. ಸ್ವಾತಂತ್ರ್ಯಕ್ಕೂ ಮೊದಲಿನ ಶಹಾಬಾದಿನ ಕಾರ್ಖಾನೆ ಮುಚ್ಚಿಯೂ ಹೋಯಿತು. ಒಂದೇ ಆಧಾರದ ಮೇಲೆ ನಿಂತ ಊರಿಗೆ ಏನಾಗುತ್ತದೆಂದು ನೋಡಬೇಕಾದರೆ ಶಹಾಬಾದಿನ ಬೀದಿಗಳಲ್ಲಿ ನಡೆದು ನೋಡಬೇಕು.

ಕಲ್ಲಿನ ಬೆಲೆಯನ್ನೂ ಕೇಳಿ. 2014ರಲ್ಲಿ ಸುಣ್ಣದಕಲ್ಲಿನ ರಾಜಧನವನ್ನು ಟನ್ನಿಗೆ 80 ರೂಪಾಯಿಯೆಂದು ನಿಗದಿ ಮಾಡಿದರು. 2015ರ ಕಾನೂನಿನ ಮೇರೆಗೆ ಹಳೆಯ ಗುತ್ತಿಗೆಗಳವರು ರಾಜಧನದ ಶೇಕಡಾ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಎಂದರೆ ಟನ್ನಿಗೆ 24 ರೂಪಾಯಿ. ಐವತ್ತು ಕಿಲೋದ ಸಿಮೆಂಟಿನ ಚೀಲಕ್ಕೆ ಎಪ್ಪತ್ತು ಎಂಬತ್ತು ಕಿಲೋ ಕಲ್ಲು ಬೇಕೆಂದು ಹಿಡಿದರೆ, ಗಣಿಯ ಧೂಳು ಕುಡಿಯುವ ಜನರ ಪಾಲಿಗೆ ಚೀಲವೊಂದಕ್ಕೆ ಎರಡು ರೂಪಾಯಿಯೂ ಪೂರ್ತಿ ಬೀಳುವುದಿಲ್ಲ. ಒಂದು ಕಪ್ ಚಹಾ ಕೂಡ ಅದಕ್ಕೆ ಬಾರದು.

ರಾಜ್ಯ ಸರಕಾರ ಏನೂ ಮಾಡಲಿಲ್ಲವೆಂದು ನಾನು ಹೇಳುತ್ತಿಲ್ಲ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ವಾಡಿಯೂ ಶಹಾಬಾದೂ ಆಗ ಚಿತ್ತಾಪುರದೊಳಗೇ ಇದ್ದವು. ಆಮೇಲೆ ಸಂವಿಧಾನದ 371(ಜೆ) ಬಂತು; 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಮೀಸಲಾತಿಯಿಂದ ನನ್ನ ವಿದ್ಯಾರ್ಥಿಗಳಲ್ಲೂ ಕೆಲವರಿಗೆ ಸೀಟು ಸಿಕ್ಕಿದೆ, ನೌಕರಿ ಸಿಕ್ಕಿದೆ. ಅದನ್ನು ಹಗುರವಾಗಿ ಕಾಣುವ ಕೃತಘ್ನ ನಾನಲ್ಲ. ಆದರೆ ದೆಹಲಿಯವರು ನಗರಗಳನ್ನು ಎಣಿಸುತ್ತಾರೆ, ಬೆಂಗಳೂರಿನವರು ತಾಲೂಕುಗಳನ್ನು ಎಣಿಸುತ್ತಾರೆ. ಊರುಗಳ ನಡುವಣ ನಂಟನ್ನು ಇಬ್ಬರೂ ಎಣಿಸುವುದಿಲ್ಲ.

ಇದು ನನ್ನ ಹೊಸ ಕಲ್ಪನೆಯೇನೂ ಅಲ್ಲ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಅಧ್ಯಕ್ಷತೆಯ ರಾಷ್ಟ್ರೀಯ ನಗರೀಕರಣ ಆಯೋಗ 1988ರಲ್ಲೇ ಬೆಳವಣಿಗೆಗೆ ಚಾಲನೆ ಕೊಡಬಲ್ಲ 329 ಊರುಗಳ ಜೊತೆಗೆ 49 ವಲಯಗಳನ್ನೂ ಹೆಸರಿಸಿತ್ತು. ಒಂಟಿ ಊರಲ್ಲ, ವಲಯ! ಹಾಗಾದರೆ ನಮ್ಮ ಐದೂ ಊರುಗಳಿಗೆ ಒಂದೇ ನಕ್ಷೆ ಬರೆಯಲು ಯಾರ ಅಡ್ಡಿ? ಶಹಾಬಾದಿನಲ್ಲಿ ಯಂತ್ರವಿದ್ಯೆಯ ತರಬೇತಿ, ವಾಡಿಯಲ್ಲಿ ಉಗ್ರಾಣ, ಸೇಡಮ್ಮಿನಲ್ಲಿ ದೊಡ್ಡಾಸ್ಪತ್ರೆ, ಚಿಂಚೋಳಿಯಲ್ಲಿ ತೊಗರಿಯ ಬೇಳೆ ಮಾಡುವ ಮಿಲ್ಲುಗಳು, ಎಂದು ಕೆಲಸ ಹಂಚಿಕೊಡಬಹುದು. ಚಿತ್ತಾಪುರದ ಪಾಲಿಗೆ ಏನೆಂಬುದನ್ನು ಚಿತ್ತಾಪುರದವರನ್ನೇ ಕೇಳಬಹುದು. ಕಲಬುರಗಿಯನ್ನು ಬೆಳೆಸಿದರೆ ಸಾಲದೇ ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಚಿಂಚೋಳಿಯ ಹುಡುಗಿಯೊಬ್ಬಳು ಬೆಳಿಗ್ಗೆ ಸೇಡಮ್ಮಿಗೆ ಬಂದು, ರೈಲು ಹಿಡಿದು, ವಾಡಿಯಲ್ಲಿ ಕೆಲಸ ಮುಗಿಸಿ, ಕತ್ತಲಾಗುವ ಮುನ್ನ ಮನೆ ಸೇರುವಂತೆ ಬಸ್ಸಿನ ವೇಳೆಯನ್ನು ರೈಲಿನ ವೇಳೆಗೆ ಹೊಂದಿಸಿಕೊಡಲು ಇನ್ನೆಷ್ಟು ಸಮಿತಿಗಳು ಕೂರಬೇಕು?